ಹೊಲಿಗೆ ಬಿಟ್ಟ ಕರುಳು, ಒಳಗಿನಿಂದ ಹೀರುವ ಸ್ಪಂಜು

(ದತ್ತಿ ಉಪನ್ಯಾಸದ ಲಿಖಿತ ರೂಪ)

ಕರುಳಿನ ಆಪರೇಷನ್ ಆದವರ ವಾರ್ಡಿನಲ್ಲಿ ಬೆಳಗಿನ ರೌಂಡ್ಸ್ ಶುರುವಾಗುವುದು ಒಂದೇ ಪ್ರಶ್ನೆಯಿಂದ: "ಅಜ್ಜಾ, ಗ್ಯಾಸ್ ಹೋಯ್ತಾ?" ಹೊರಗಿನವರಿಗೆ ಮುಜುಗರವೆನಿಸುವ ಮಾತು ಇದು. ಕೇಳುವ ಡಾಕ್ಟರಿಗೂ ಹೇಳುವ ಅಜ್ಜನಿಗೂ ಅಂಥ ಮುಜುಗರವೇನಿಲ್ಲ. ಕತ್ತರಿಸಿ ಜೋಡಿಸಿದ ಕರುಳು ಮತ್ತೆ ಕೆಲಸಕ್ಕೆ ಇಳಿದಿದೆ ಎನ್ನಲು ಅದಕ್ಕಿಂತ ಸರಳವಾದ ಗುರುತು ಇಲ್ಲ. "ಹೋಯ್ತು ಡಾಕ್ಟ್ರೇ" ಎಂದರೆ ಪಕ್ಕದಲ್ಲಿ ನಿಂತ ಮಗಳ ಮುಖ ಅರಳುತ್ತದೆ, ಮಧ್ಯಾಹ್ನಕ್ಕೆ ಗಂಜಿ ತಿಳಿ ಬರುತ್ತದೆ.

ಕೆಲವರಲ್ಲಿ ನಾಲ್ಕನೆಯದೋ ಐದನೆಯದೋ ದಿನ ಲೆಕ್ಕ ತಪ್ಪುತ್ತದೆ. ಜ್ವರ ಅಷ್ಟೇನೂ ಇರುವುದಿಲ್ಲ, ನಾಡಿ ಮಾತ್ರ ನಿಮಿಷಕ್ಕೆ 120ರ ಆಸುಪಾಸಿನಲ್ಲಿ ಓಡುತ್ತಿರುತ್ತದೆ. ಹೊಟ್ಟೆ ಉಬ್ಬರಿಸುತ್ತದೆ. ನಿನ್ನೆ ಮೊಮ್ಮಕ್ಕಳ ವಿಷಯ ಮಾತಾಡುತ್ತಿದ್ದವರು ಇಂದು ಗೋಡೆಯ ಕಡೆ ತಿರುಗಿ ಮಲಗಿರುತ್ತಾರೆ. ಹೊಟ್ಟೆಯ ಪಕ್ಕದಿಂದ ಇಳಿಬಿಟ್ಟ ಡ್ರೈನ್ ಪೈಪಿನಲ್ಲಿ ತಿಳಿಗೆಂಪು ನೀರಿನ ಬದಲು ಕಂದು ಬಣ್ಣದ, ನಾರುವ ದ್ರವ ಇಳಿಯತೊಡಗುತ್ತದೆ. ಒಳಗೆ ಹೊಲಿಗೆ ಬಿಟ್ಟಿದೆ.

ಇಂದಿನ ಉಪನ್ಯಾಸದ ವಿಷಯ ಈ ಬಿಟ್ಟ ಹೊಲಿಗೆ. ಅದನ್ನು ಮತ್ತೆ ಹೊಟ್ಟೆ ಕೊಯ್ಯದೆ, ಎಂಡೋಸ್ಕೋಪಿನ ದಾರಿಯಲ್ಲೇ ಒಂದು ಸ್ಪಂಜನ್ನು ಒಳಗಿಟ್ಟು, ನಿರ್ವಾತದಿಂದ ಹೀರಿ ಹೀರಿ ಮಾಯುವಂತೆ ಮಾಡುವ ವಿಧಾನ ಈಗ ಎರಡು ದಶಕಗಳ ಅನುಭವ ಗಳಿಸಿದೆ. ಎಂಡೋಸ್ಕೋಪಿಕ್ ವ್ಯಾಕ್ಯೂಮ್ ಥೆರಪಿ ಎಂಬುದು ಅದರ ಹೆಸರು. ಅದಕ್ಕೆ ಬೇಕಾದ ಸಾಮಗ್ರಿ ಬೆರಳಲ್ಲಿ ಎಣಿಸುವಷ್ಟು, ತಾಳ್ಮೆ ಮಾತ್ರ ಬಹಳ ಬೇಕು.

ಮೊದಲು ಒಂದು ಶಬ್ದದ ಗೊಂದಲ ಬಿಡಿಸಬೇಕು. ಕನ್ನಡದಲ್ಲಿ ಫಿಸ್ಟುಲಾ ಎಂದರೆ ಹೆಚ್ಚಿನವರ ಮನಸ್ಸಿಗೆ ಬರುವುದು ಭಗಂದರ, ಅಂದರೆ ಮಲದ್ವಾರದ ಪಕ್ಕದ ಚರ್ಮಕ್ಕೆ ಕೊರೆದುಕೊಂಡು ಬರುವ ಕೀವಿನ ನಾಳ. ಕ್ಷಾರಸೂತ್ರದ ದಾರ ಕಟ್ಟುವುದು ಅದಕ್ಕೆ. ಇಲ್ಲಿ ಹೇಳಹೊರಟಿರುವುದು ಅದಲ್ಲ. ಶಸ್ತ್ರಚಿಕಿತ್ಸೆಯಲ್ಲಿ ಜೋಡಿಸಿದ ಕರುಳು ಬಾಯಿ ಬಿಟ್ಟು, ಒಳಗಿನ ಹೊಲಸು ಹೊಟ್ಟೆಯೊಳಕ್ಕೋ ಚರ್ಮದ ಹೊರಕ್ಕೋ ಪಕ್ಕದ ಅಂಗಕ್ಕೋ ದಾರಿ ಮಾಡಿಕೊಳ್ಳುವ ಸ್ಥಿತಿ ಇದು. ಆಗಷ್ಟೇ ಬಾಯಿಬಿಟ್ಟಾಗ ಅದು ಸೋರಿಕೆ. ದಿನಗಳೆದು ದಾರಿ ಗಟ್ಟಿಯಾದ ಮೇಲೆ ಫಿಸ್ಟುಲಾ.

ಕರುಳನ್ನು ಜೋಡಿಸುವ ಪ್ರಯತ್ನ ಬಹಳ ಹಳೆಯದು. ಕರುಳು ತೂತಾದರೆ ಅಂಚುಗಳನ್ನು ಕೂಡಿಸಿ ಕಪ್ಪು ಇರುವೆಗಳಿಂದ ಕಚ್ಚಿಸಬೇಕು, ಅವು ಕಚ್ಚಿ ಹಿಡಿದ ಮೇಲೆ ಮೈಯನ್ನು ಕಿತ್ತು ತಲೆಯನ್ನು ಅಲ್ಲೇ ಬಿಡಬೇಕು ಎಂದು ಸುಶ್ರುತ ಸಂಹಿತೆ ಹೇಳುತ್ತದೆ. ಗೊದ್ದ ಕಚ್ಚಿ ಹಿಡಿದದ್ದನ್ನು ಕಂಡವರಿಗೆ ಆ ಉಪಾಯದ ಹಿಂದಿನ ಸೂಕ್ಷ್ಮ ನೋಟ ತಿಳಿಯುತ್ತದೆ. 1812ರಲ್ಲಿ ಲಂಡನ್ನಿನ ಬೆಂಜಮಿನ್ ಟ್ರಾವರ್ಸ್, ಕತ್ತರಿಸಿದ ಎರಡು ತುದಿಗಳು ಸುತ್ತಲೂ ಒಂದಕ್ಕೊಂದು ತಾಗಿ ನಿಂತರೆ ಕರುಳು ತಾನೇ ಕೂಡಿಕೊಳ್ಳುತ್ತದೆ ಎಂದು ಪ್ರಯೋಗಗಳಿಂದ ತೋರಿಸಿದ. 1826ರಲ್ಲಿ ಪ್ಯಾರಿಸ್ಸಿನ ಆಂಟ್ವಾನ್ ಲಾಂಬೇರ್, ಕರುಳಿನ ಹೊರಮೈಗೆ ಹೊರಮೈಯನ್ನೇ ತಾಗಿಸಿ ಹೊಲಿಯಬೇಕೆಂದ. ಹೊಲಿಗೆಯ ದಾರಕ್ಕೆ ಬಲ ಕೊಡುವುದು ಒಳಪೊರೆಯ ಕೆಳಗಿನ ತೆಳು ನಾರಿನ ಪದರ ಎಂದು 1887ರಲ್ಲಿ ಅಮೆರಿಕದ ವಿಲಿಯಂ ಹಾಲ್‌ಸ್ಟೆಡ್ ಬರೆದ. ಆಮೇಲೆ ಸ್ಟೇಪ್ಲರ್ ಬಂತು, ವೃತ್ತಾಕಾರದಲ್ಲಿ ಒಂದೇ ಒತ್ತಿಗೆ ಎರಡು ಸಾಲು ಪಿನ್ನು ಹೊಡೆಯುವ ಯಂತ್ರ ಬಂತು.

ಇಷ್ಟೆಲ್ಲ ಆದರೂ ಹೊಲಿಗೆ ಬಿಡುವುದು ನಿಂತಿಲ್ಲ. ಸಣ್ಣ ಕರುಳಿನ ಜೋಡಣೆಯಲ್ಲಿ ಇದು ವಿರಳ. ಗುದನಾಳದ ಕ್ಯಾನ್ಸರ್ ತೆಗೆದು ಮಲದ್ವಾರಕ್ಕೆ ಐದಾರು ಸೆಂಟಿಮೀಟರಿನಷ್ಟು ಹತ್ತಿರದಲ್ಲಿ ಜೋಡಿಸಿದಾಗ ಮಾತ್ರ ಸುಮಾರು ಹತ್ತರಲ್ಲಿ ಒಬ್ಬರಿಗೆ ಸೋರುತ್ತದೆ. ಕೈಚಳಕ ಕಡಿಮೆಯಾದದ್ದಕ್ಕೇ ಹೀಗಾಗುತ್ತದೆ ಎನ್ನುವುದು ಅನ್ಯಾಯ. ತುದಿಗೆ ರಕ್ತ ಸಾಲದಿರಬಹುದು, ಜೋಡಣೆ ಎಳೆದುಕೊಂಡಿರಬಹುದು, ಮೊದಲೇ ರೇಡಿಯೇಷನ್ ಆಗಿರಬಹುದು, ರೋಗಿ ತಿಂಗಳುಗಟ್ಟಲೆ ಸರಿಯಾಗಿ ಉಣ್ಣದೆ ಸೊರಗಿರಬಹುದು, ಬೀಡಿ ಸಿಗರೇಟಿನ ಚಟವಿರಬಹುದು. ಬಹಳ ಜನ ಶಸ್ತ್ರವೈದ್ಯರು ಹೊಲಿಗೆ ಬಿಟ್ಟದ್ದನ್ನು ಸ್ವಂತ ಸೋಲೆಂದೇ ಭಾವಿಸುತ್ತಾರೆ. ಆ ಸಂಕಟ ಅರ್ಥವಾಗುವಂಥದೇ. ಅದರಿಂದ ಒಂದು ಅಪಾಯವೂ ಉಂಟು: ಒಪ್ಪಿಕೊಳ್ಳಲು ಮನಸ್ಸಾಗದೆ "ಇನ್ನೊಂದು ದಿನ ನೋಡೋಣ" ಎನ್ನುವುದು.

ಆ ಒಂದು ದಿನದ ಬೆಲೆ ದೊಡ್ಡದು. ಹಾಗಾಗಿ ಈಗ ರಕ್ತದಲ್ಲಿ ಸಿ.ಆರ್.ಪಿ. ಎಂಬ ಪ್ರೋಟೀನನ್ನು ಅಳೆಯುತ್ತಾರೆ. 2014ರಲ್ಲಿ ಪ್ರಕಟವಾದ ಒಂದು ಸಮಗ್ರ ವಿಶ್ಲೇಷಣೆಯ ಪ್ರಕಾರ ಅದು ಮೂರನೆಯ ದಿನ ಲೀಟರಿಗೆ 172, ನಾಲ್ಕನೆಯ ದಿನ 124, ಐದನೆಯ ದಿನ 144 ಮಿಲಿಗ್ರಾಮಿಗಿಂತ ಕೆಳಗಿದ್ದರೆ ಹೊಲಿಗೆ ಬಿಟ್ಟಿರುವ ಸಂಭವ ತೀರ ಕಡಿಮೆ. ಇಳಿಯಬೇಕಾದದ್ದು ಏರುತ್ತಿದ್ದರೆ ಸಿ.ಟಿ. ಸ್ಕ್ಯಾನಿಗೆ ಕಳುಹಿಸಬೇಕು, ಎಂಡೋಸ್ಕೋಪ್ ಹಾಕಿ ನೋಡಬೇಕು.

ಕಂಡ ಮೇಲೆ ಏನು ಮಾಡುವುದು? ಇಡೀ ಹೊಟ್ಟೆಗೆ ಹೊಲಸು ಹರಡಿದ್ದರೆ ಬೇರೆ ಮಾತಿಲ್ಲ, ತಕ್ಷಣ ಹೊಟ್ಟೆ ತೆರೆದು ತೊಳೆಯಲೇಬೇಕು, ಕರುಳಿನ ಬಾಯಿಯನ್ನು ಹೊಟ್ಟೆಯ ಮೇಲೆ ತಂದು ಚೀಲ ಅಂಟಿಸಲೇಬೇಕು. ಆದರೆ ಗುದನಾಳದ ಕೆಳ ಜೋಡಣೆ ಸೋರಿದಾಗ ಕೀವು ಬಹಳ ಸಲ ಇಡೀ ಹೊಟ್ಟೆಗೆ ಹರಡದೆ ಬೆನ್ನೆಲುಬಿನ ಬುಡದ ಮೂಳೆಗೂ ಕರುಳಿಗೂ ನಡುವೆ ಮಡುಗಟ್ಟುತ್ತದೆ. ಈ ಜಾಗಕ್ಕೂ ಒಂದು ಕಥೆಯಿದೆ. ಇಂಗ್ಲೆಂಡಿನ ಬೇಸಿಂಗ್‌ಸ್ಟೋಕ್‌ನ ಬಿಲ್ ಹೀಲ್ಡ್ 1982ರಲ್ಲಿ, ಗುದನಾಳದ ಸುತ್ತಲಿನ ಕೊಬ್ಬಿನ ಹೊದಿಕೆಯನ್ನೂ ಇಡಿಯಾಗಿ ಬಿಡಿಸಿ ತೆಗೆದರೆ ಕ್ಯಾನ್ಸರ್ ಅಲ್ಲೇ ಮರುಕಳಿಸುವುದು ತಪ್ಪುತ್ತದೆ ಎಂದು ತೋರಿಸಿದರು. ಅದರಿಂದ ಅಸಂಖ್ಯ ಜೀವಗಳು ಉಳಿದವು. ಆ ಕೊಬ್ಬು ಹೋದ ಜಾಗ ಖಾಲಿ ಉಳಿಯಿತು. ಸುತ್ತ ಮೂಳೆಯ ಗೋಡೆ ಇರುವುದರಿಂದ ಅದು ಬೇರೆ ಕಡೆಯ ಕುರುವಿನ ಹಾಗೆ ಕುಗ್ಗಿ ಮುಚ್ಚಿಕೊಳ್ಳುವುದಿಲ್ಲ. ಕಲ್ಲುಬಂಡೆಯ ಪೊಟರೆಯಲ್ಲಿ ನೀರು ನಿಂತಂತೆ ಕೀವು ನಿಲ್ಲುತ್ತದೆ.

ಇಲ್ಲಿ ಮೊದಲು ಹೊಳೆಯುವ ಉಪಾಯ ತೂತನ್ನು ಮುಚ್ಚುವುದು. ಕ್ಲಿಪ್ ಹಾಕಬಹುದು, ಒಳಗಿನಿಂದ ಸ್ಟೆಂಟಿನ ಕೊಳವೆ ಇಟ್ಟು ತೂತಿಗೆ ಮರೆ ಮಾಡಬಹುದು. ಅವು ಕೆಲಸ ಮಾಡುವ ಸಂದರ್ಭಗಳೂ ಇವೆ. ಆದರೆ ಸ್ಟೆಂಟ್ ಜಾರುತ್ತದೆ. ಮೇಲಾಗಿ, ಹಿಂದೆ ಕೀವು ನಿಂತಿರುವಾಗ ಬಾಯಿ ಮುಚ್ಚಿದರೆ ಆ ಕೀವು ಎಲ್ಲಿಗೆ ಹೋಗಬೇಕು? ಕುರು ಹಣ್ಣಾದಾಗ ಬಾಯಿ ಬಿಡಿಸಬೇಕೇ ಹೊರತು ಮುಚ್ಚಬಾರದು ಎನ್ನುವುದು ಹಳ್ಳಿಯ ಅಜ್ಜಿಗೂ ಗೊತ್ತು. ಇಷ್ಟು ಹಳೆಯ ಈ ತಿಳಿವಳಿಕೆಯನ್ನು ಕರುಳಿನ ಒಳಗೂ ನಡೆಸಿಕೊಟ್ಟದ್ದು ಈ ಚಿಕಿತ್ಸೆಯ ನಿಜವಾದ ಹೊಸತನ.

ಹಾಗಂತ ಬಾಯಿ ತೆರೆದೇ ಬಿಟ್ಟು ಸುಮ್ಮನೆ ಕೂರುವಂತೆಯೂ ಇಲ್ಲ. ವೈದ್ಯಕೀಯ ಚರಿತ್ರೆಯ ಅತ್ಯಂತ ಪ್ರಸಿದ್ಧ ಫಿಸ್ಟುಲಾ ಇದಕ್ಕೆ ಸಾಕ್ಷಿ. 1822ರ ಜೂನ್ 6ರಂದು ಅಮೆರಿಕದ ಮ್ಯಾಕಿನಾ ದ್ವೀಪದಲ್ಲಿ ಅಲೆಕ್ಸಿಸ್ ಸೇಂಟ್ ಮಾರ್ಟಿನ್ ಎಂಬ ತುಪ್ಪಳ ವ್ಯಾಪಾರದ ಕೂಲಿಯ ಹೊಟ್ಟೆಗೆ ಹತ್ತಿರದಿಂದ ಗುಂಡು ತಗುಲಿತು. ಸೇನಾ ವೈದ್ಯ ವಿಲಿಯಂ ಬೋಮಾಂಟ್ ಆರೈಕೆಯಲ್ಲಿ ಅವನು ಬದುಕಿದ, ಹೊಟ್ಟೆಯ ತೂತು ಮಾತ್ರ ಮುಚ್ಚಲಿಲ್ಲ. ಬೋಮಾಂಟ್ ಆ ತೂತಿನಲ್ಲಿ ದಾರಕ್ಕೆ ಕಟ್ಟಿದ ಮಾಂಸದ ತುಂಡು ಇಳಿಬಿಟ್ಟು ಜಠರರಸದ ಕೆಲಸವನ್ನು ಅಳೆದು 1833ರಲ್ಲಿ ಪುಸ್ತಕ ಬರೆದ. ಸೇಂಟ್ ಮಾರ್ಟಿನ್ 1880ರಲ್ಲಿ ಸಾಯುವವರೆಗೂ ಆ ತೂತನ್ನು ಹೊತ್ತೇ ಬದುಕಿದ. ಮುಚ್ಚದಿದ್ದುದಕ್ಕೆ ಕಾರಣ ಸರಳ: ಜಠರದ ಒಳಪೊರೆ ಹೊರಗಿನ ಚರ್ಮದ ಜೊತೆ ಬೆಸೆದುಕೊಂಡುಬಿಟ್ಟಿತ್ತು. ಕಿವಿ ಚುಚ್ಚಿಸಿದ ಮಗುವಿನ ತೂತು ಓಲೆಯ ಸುತ್ತ ಚರ್ಮ ಕಟ್ಟಿದ ಮೇಲೆ ಹೇಗೆ ಉಳಿಯುತ್ತದೋ ಹಾಗೆ. ಕರುಳಿನ ಸೋರಿಕೆಗೂ ಇದೇ ಗಡುವು ಇದೆ. ದಾರಿಗೆ ಪೊರೆ ಕಟ್ಟುವ ಮೊದಲೇ, ಗೋಡೆ ನಾರುಗಟ್ಟಿ ಬಿರುಸಾಗುವ ಮೊದಲೇ ಮಾಯಿಸಬೇಕು.

ನಿರ್ವಾತ ಇಲ್ಲಿ ಕೆಲಸಕ್ಕೆ ಬಂತು. ಗಾಯದಿಂದ ಹೀರಿ ತೆಗೆಯುವುದೇನೂ ಹೊಸದಲ್ಲ. ಸುಶ್ರುತ ದನದ ಕೊಂಬಿನಿಂದಲೂ, ಒಳಗೆ ದೀಪ ಹಚ್ಚಿಟ್ಟ ಸೋರೆಬುರುಡೆಯಿಂದಲೂ ಕೆಟ್ಟ ರಕ್ತ ಹೀರುವುದನ್ನು ವಿವರಿಸಿದ್ದಾನೆ. ಆಧುನಿಕ ರೂಪ ಬಂದದ್ದು 1990ರ ದಶಕದಲ್ಲಿ. ಜರ್ಮನಿಯಲ್ಲಿ ವಿಮ್ ಫ್ಲೈಶ್‌ಮನ್ ತೆರೆದ ಮೂಳೆ ಮುರಿತದ ಗಾಯಗಳಿಗೆ ಸ್ಪಂಜು ತುಂಬಿ, ಮೇಲೆ ಪ್ಲಾಸ್ಟಿಕ್ ಹಾಳೆ ಅಂಟಿಸಿ, ಪಂಪಿನಿಂದ ಹೀರಿ 1993ರಲ್ಲಿ ವರದಿ ಮಾಡಿದರು. 1997ರಲ್ಲಿ ಅಮೆರಿಕದ ನಾರ್ತ್ ಕ್ಯಾರೊಲಿನಾದಲ್ಲಿ ಲೂಯಿ ಅರ್ಜೆಂಟಾ ಮತ್ತು ಮೈಕೆಲ್ ಮೋರಿಕ್ವಾಸ್ ಹಂದಿಗಳ ಮೇಲೆ ಅಳತೆ ಮಾಡಿ, 125 ಮಿಲಿಮೀಟರ್ ಪಾದರಸದಷ್ಟು ಹೀರಿದಾಗ ಗಾಯದ ರಕ್ತದ ಹರಿವು ನಾಲ್ಕು ಪಟ್ಟು ಏರಿತೆಂದು ಬರೆದರು. ಬಿ.ಪಿ. ನೋಡಿಸಿಕೊಳ್ಳುವಾಗ ಕೇಳುವ ಅದೇ ಪಾದರಸದ ಅಳತೆ ಇದು. ವಾತಾವರಣದ 760 ಮಿಲಿಮೀಟರಿನ ಒತ್ತಡದಲ್ಲಿ ಸುಮಾರು ಆರರಲ್ಲೊಂದು ಪಾಲು. ಆಮೇಲಿನ ಬೇರೆ ಅಳತೆಗಳು ಸ್ಪಂಜಿಗೆ ತಾಗಿದ ಅಂಚಿನಲ್ಲಿ ರಕ್ತ ತುಸು ಕಡಿಮೆಯಾಗುವುದನ್ನೂ ತೋರಿಸಿವೆ. ರಕ್ತದ ಲೆಕ್ಕ ಹೇಗೇ ಇರಲಿ, ಕೀವು ನಿಲ್ಲದೆ ಹೊರಹೋಗುತ್ತದೆ, ಊತ ಇಳಿಯುತ್ತದೆ, ಪೊಳ್ಳು ಕುಗ್ಗುತ್ತದೆ, ಸ್ಪಂಜಿನ ರಂಧ್ರಗಳು ಮಾಂಸವನ್ನು ಅಲ್ಲಲ್ಲಿ ಜಗ್ಗುವುದರಿಂದ ಹೊಸ ಮಾಂಸಾಂಕುರ ಏಳುತ್ತದೆ. ಇವು ಕಣ್ಣಿಗೇ ಕಾಣುವ ಸಂಗತಿಗಳು.

ಚರ್ಮದ ಮೇಲಿನ ಈ ಉಪಾಯವನ್ನು ಕರುಳಿನೊಳಗೆ ಒಯ್ದವರು ಮ್ಯೂನಿಕ್ಕಿನ ರೋಲ್ಫ್ ವೈಡನ್‌ಹಾಗನ್ ಮತ್ತು ಸಂಗಡಿಗರು. ಗುದನಾಳದ ಜೋಡಣೆ ಬಿಟ್ಟ 29 ರೋಗಿಗಳ ವರದಿಯನ್ನು ಅವರು 2008ರಲ್ಲಿ ಪ್ರಕಟಿಸಿದರು. 28 ಮಂದಿಯಲ್ಲಿ ಪೊಳ್ಳು ಪೂರ್ತಿ ಮಾಯಿತು. ಅದಕ್ಕೆ ಸರಾಸರಿ 34 ದಿನ ಹಿಡಿಯಿತು, ಒಬ್ಬೊಬ್ಬರಿಗೆ ಸರಾಸರಿ ಹನ್ನೊಂದು ಸಲ ಎಂಡೋಸ್ಕೋಪಿ ಬೇಕಾಯಿತು. ಈ ಕೊನೆಯ ವಾಕ್ಯವನ್ನು ಅದರ ಹಿಂದಿನದರಷ್ಟೇ ಗಮನವಿಟ್ಟು ಓದಬೇಕು. ಅದೇ ವರ್ಷ ಹ್ಯಾನೋವರಿನ ವೈದ್ಯರು ಮೇಲಿನ ಜೀರ್ಣನಾಳದ ಜೋಡಣೆ ಬಿಟ್ಟ ಇಬ್ಬರಿಗೆ ಇದೇ ವಿಧಾನ ಬಳಸಿದ್ದನ್ನು ವರದಿ ಮಾಡಿದರು. ಎದೆಗೂಡಿನೊಳಗಿನ ಅನ್ನನಾಳದ ಸೋರಿಕೆಗೆ ಇಂದು ಈ ಚಿಕಿತ್ಸೆ ಬಹಳ ಕಡೆ ರೂಢಿಯಲ್ಲಿದೆ.

ಒಂದು ಸಲದ ಸ್ಪಂಜು ಬದಲಾವಣೆ ಹೇಗೆ ನಡೆಯುತ್ತದೆ ಎಂದು ಹತ್ತಿರದಿಂದ ನೋಡಬೇಕು. ರೋಗಿ ಎಡಮಗ್ಗುಲಾಗಿ, ಮೊಣಕಾಲು ಮಡಚಿ ಮಲಗಿರುತ್ತಾರೆ. ತುಸು ಮಂಪರು ಬರುವ ಔಷಧ ಕೊಟ್ಟಿರುತ್ತಾರೆ. ಎಂಡೋಸ್ಕೋಪ್ ಮಲದ್ವಾರದಿಂದ ಆರೇಳು ಸೆಂಟಿಮೀಟರ್ ಒಳಹೋಗುವಷ್ಟರಲ್ಲಿ ಸ್ಟೇಪ್ಲರಿನ ಸಾಲು ಪಿನ್ನುಗಳು ಬೆಳಕಿಗೆ ಮಿನುಗುತ್ತವೆ, ಹಿಂಭಾಗದಲ್ಲಿ ಅರ್ಧಚಂದ್ರದಂಥ ಬಿರುಕು ಕಾಣುತ್ತದೆ. ಅದರೊಳಗೆ ನುಸುಳಿದರೆ ಒಂದು ಗವಿ. ಗೋಡೆಯ ತುಂಬ ಬೂದು ಹಳದಿ ಬಣ್ಣದ ಸತ್ತ ಪೊರೆ, ತಳದಲ್ಲಿ ಕೀವಿನ ಮಡು. ಸಲೈನಿನಿಂದ ತೊಳೆದು ಹೀರುತ್ತಾರೆ. ಸ್ಕೋಪಿನ ಮೇಲೆ ಮೊದಲೇ ಏರಿಸಿಟ್ಟ ಮೆದು ತೋಳನ್ನು ಗವಿಯ ತಳದವರೆಗೆ ಜಾರಿಸಿ, ಸ್ಕೋಪನ್ನು ಹಿಂದೆ ತೆಗೆಯುತ್ತಾರೆ. ಕತ್ತರಿಯಲ್ಲಿ ಗವಿಯ ಅಳತೆಗಿಂತ ತುಸು ಚಿಕ್ಕದಾಗಿ ಕತ್ತರಿಸಿದ, ತುದಿಗೆ ಪೈಪು ಜೋಡಿಸಿದ ಪಾಲಿಯುರೆಥೇನ್ ಸ್ಪಂಜನ್ನು ಒದ್ದೆ ಮಾಡಿ, ಹಿಂಡಿ, ಆ ತೋಳಿನೊಳಗೆ ನೂಕುಗೋಲಿನಿಂದ ತಳ್ಳುತ್ತಾರೆ. ತೋಳನ್ನು ಹಿಂದಕ್ಕೆಳೆದ ಕೂಡಲೆ ಸ್ಪಂಜು ಅರಳುತ್ತದೆ. ಹೊರಬಂದ ಪೈಪನ್ನು ನಿರ್ವಾತದ ಬಾಟಲಿಗೆ ಜೋಡಿಸಿ ಕ್ಲಿಪ್ ತೆರೆದರೆ ಗವಿಯ ಗೋಡೆ ಸ್ಪಂಜಿನ ಸುತ್ತ ಮುಷ್ಟಿಯಂತೆ ಕುಗ್ಗುತ್ತದೆ.

ಮೂರನೆಯದೋ ನಾಲ್ಕನೆಯದೋ ದಿನ ಮತ್ತೆ ಅದೇ ಮೇಜು. ಹಳೆಯ ಸ್ಪಂಜನ್ನು ಒಮ್ಮೆಲೇ ಕೀಳುವಂತಿಲ್ಲ, ಅದರ ರಂಧ್ರಗಳೊಳಗೆ ಮಾಂಸ ಹೆಣೆದುಕೊಂಡಿರುತ್ತದೆ. ಪೈಪಿನಲ್ಲಿ ಸಲೈನ್ ಬಿಟ್ಟು ನೆನೆಸಿ, ಮೆಲ್ಲಗೆ ಅಲುಗಿಸಿ ತೆಗೆಯಬೇಕು. ತೆಗೆದ ಮೇಲೆ ಕಾಣುವ ದೃಶ್ಯಕ್ಕಾಗಿಯೇ ಎಂಡೋಸ್ಕೋಪಿ ಕೋಣೆಯವರು ಕಾದಿರುತ್ತಾರೆ. ಬೂದು ಪೊರೆ ಹೋಗಿ ಗೋಡೆಯ ತುಂಬ ದಾಳಿಂಬೆ ಕಾಳಿನಂಥ ಕೆಂಪು ಮಾಂಸಾಂಕುರ, ತಾಗಿದರೆ ಹನಿ ರಕ್ತ. ಗವಿ ಚಿಕ್ಕದಾದ ಹಾಗೆ ಸ್ಪಂಜನ್ನೂ ಚಿಕ್ಕದಾಗಿ ಕತ್ತರಿಸುತ್ತ ಬರಬೇಕು. ಬೆರಳ ತುದಿಯಷ್ಟು ಉಳಿದಾಗ ಸ್ಪಂಜು ನಿಲ್ಲಿಸುತ್ತಾರೆ. ಉಳಿದದ್ದನ್ನು ದೇಹವೇ ತುಂಬಿಕೊಳ್ಳುತ್ತದೆ.

ಎಲ್ಲರಿಗೂ ಹೀಗೆಯೇ ಆಗುತ್ತದೆ ಎಂದು ಹೇಳಿದರೆ ಸುಳ್ಳಾಗುತ್ತದೆ. 2009ರಲ್ಲಿ ನೆದರ್ಲೆಂಡ್ಸಿನ ಹಲವು ಆಸ್ಪತ್ರೆಗಳು ಸೇರಿ ಪ್ರಕಟಿಸಿದ 16 ರೋಗಿಗಳ ಲೆಕ್ಕದಲ್ಲಿ ಮಾಯ್ದದ್ದು ಒಂಬತ್ತು ಮಂದಿಗೆ ಮಾತ್ರ. ಆ ಒಂಬತ್ತರ ಒಳಗಿನ ವಿವರವೇ ಅತ್ಯಮೂಲ್ಯ. ಆಪರೇಷನ್ ಆಗಿ ಆರು ವಾರದೊಳಗೆ ಸ್ಪಂಜು ಶುರು ಮಾಡಿದ ಎಂಟು ಮಂದಿಯಲ್ಲಿ ಆರು ಮಂದಿಗೆ ಮಾಯಿತು. ಆರು ವಾರ ಕಳೆದ ಮೇಲೆ ಶುರು ಮಾಡಿದ ಎಂಟರಲ್ಲಿ ಮೂವರಿಗೆ. ಸಂಖ್ಯೆ ಸಣ್ಣದು, ದಿಕ್ಕು ಸ್ಪಷ್ಟ. ಸೇಂಟ್ ಮಾರ್ಟಿನ್ನನ ಹೊಟ್ಟೆ ಹೇಳಿದ್ದನ್ನೇ ಇದೂ ಹೇಳುತ್ತಿದೆ. ಆಮ್‌ಸ್ಟರ್‌ಡ್ಯಾಮಿನ ಶಸ್ತ್ರವೈದ್ಯರು ಇದರಿಂದ ಪಾಠ ಕಲಿತು, ಬೇಗ ಸ್ಪಂಜಿಟ್ಟು ಗವಿಯನ್ನು ಶುಚಿ ಮಾಡಿ, ಗೋಡೆ ಕೆಂಪಾದ ಕೂಡಲೆ ಮಲದ್ವಾರದ ದಾರಿಯಲ್ಲೇ ಬಿರುಕನ್ನು ಹೊಲಿಯುವ ಕ್ರಮ ತಂದರು. ತಿಂಗಳುಗಟ್ಟಲೆ ಸ್ಪಂಜು ಬದಲಿಸುವ ಕಷ್ಟ ಅದರಿಂದ ತಗ್ಗುತ್ತದೆ.

ಅಪಾಯಗಳನ್ನೂ ಮುಚ್ಚಿಡಬಾರದು. ಸ್ಪಂಜು ದೊಡ್ಡ ರಕ್ತನಾಳದ ಪಕ್ಕ ಕುಳಿತರೆ ಗೋಡೆ ಸವೆದು ಭೀಕರ ರಕ್ತಸ್ರಾವವಾಗಬಹುದು. ಎದೆಯೊಳಗೆ ಮಹಾಪಧಮನಿಯ ಹತ್ತಿರ ಇಡುವಾಗ ಈ ಭಯ ಹೆಚ್ಚು. ಚರ್ಮದ ಮೇಲಿನ ನಿರ್ವಾತ ಚಿಕಿತ್ಸೆಯ ಬಗ್ಗೆಯೇ ಅಮೆರಿಕದ ಎಫ್.ಡಿ.ಎ. 2009ರಲ್ಲಿ ಎಚ್ಚರಿಕೆ ಕೊಟ್ಟಿತ್ತು: ಎರಡು ವರ್ಷಗಳಲ್ಲಿ ಆರು ಸಾವು, 77 ಮಂದಿಗೆ ಹಾನಿ. ರಕ್ತಸ್ರಾವವೇ ಅದರಲ್ಲಿ ಮುಖ್ಯ. ಕ್ಯಾನ್ಸರ್ ಉಳಿದಿರುವ ಗವಿಗೆ ಸ್ಪಂಜು ಇಡಬಾರದು. ಯೋನಿಗೆ ದಾರಿಯಾಗಿರುವ ಫಿಸ್ಟುಲಾ ಇದಕ್ಕೆ ಸುಲಭವಾಗಿ ಬಗ್ಗುವುದಿಲ್ಲ, ಅಲ್ಲಿ ನಿರ್ವಾತವೇ ನಿಲ್ಲುವುದಿಲ್ಲ. ಸಣ್ಣ ಕರುಳು ಹೊಟ್ಟೆಯ ಗಾಯದಲ್ಲಿ ತೆರೆದುಕೊಂಡು ಸೋರುವ ಸ್ಥಿತಿಯ ಲೆಕ್ಕವೇ ಬೇರೆ. 1960ರಲ್ಲಿ ಬಾಸ್ಟನ್ನಿನ ಮ್ಯಾಸಚುಸೆಟ್ಸ್ ಜನರಲ್ ಆಸ್ಪತ್ರೆಯ ವೈದ್ಯರು ಜೀರ್ಣನಾಳದಿಂದ ಮೈಹೊರಗೆ ಸೋರುವ ಫಿಸ್ಟುಲಾ ಇದ್ದ 157 ರೋಗಿಗಳ ವರದಿ ಬರೆದಾಗ ಸತ್ತವರು ಶೇ. 43. ದಿನಕ್ಕೆ ಅರ್ಧ ಲೀಟರಿಗಿಂತ ಹೆಚ್ಚು ಸೋರಿದರೆ ನೀರು, ಲವಣ, ಪ್ರೋಟೀನು ಎಲ್ಲ ಬಸಿದುಹೋಗುತ್ತವೆ. ಅದೇ ದಶಕದ ಕೊನೆಗೆ ಪೆನ್ಸಿಲ್ವೇನಿಯಾದಲ್ಲಿ ಸ್ಟ್ಯಾನ್ಲಿ ಡಡ್ರಿಕ್ ರಕ್ತನಾಳದ ಮೂಲಕವೇ ಪೂರ್ತಿ ಆಹಾರ ಕೊಡುವ ವಿಧಾನ ರೂಪಿಸಿದ ಮೇಲೆ ಆ ಸಾವುಗಳು ಇಳಿದವು. ಸ್ಪಂಜು ಎಷ್ಟೇ ಚೆನ್ನಾಗಿ ಹೀರಲಿ, ಹೊಟ್ಟೆಗಿಲ್ಲದ ದೇಹ ಹೊಸ ಮಾಂಸವನ್ನು ಎಲ್ಲಿಂದ ತರಬೇಕು?

ಇನ್ನು ಖರ್ಚಿನ ಮಾತು. ಕಂಪನಿಯ ಸಿದ್ಧ ಸ್ಪಂಜು ಒಂದು ಸಲಕ್ಕೆ ಒಂದು ಬೇಕು, ಹತ್ತು ಹನ್ನೊಂದು ಸಲ ಬದಲಿಸುವಷ್ಟರಲ್ಲಿ ಸಾಮಾನ್ಯ ಸಂಸಾರ ಸಾಲಕ್ಕೆ ಬೀಳುತ್ತದೆ. ಬ್ರೆಜಿಲ್‌ನ ಸಾವೊ ಪಾಲೊ ವಿಶ್ವವಿದ್ಯಾಲಯದ ವೈದ್ಯರು ಇದಕ್ಕೊಂದು ದಾರಿ ತೋರಿಸಿದ್ದಾರೆ. ಮೂಗಿನಿಂದ ಹೊಟ್ಟೆಗೆ ಇಳಿಸುವ ಸಾಮಾನ್ಯ ಟ್ಯೂಬಿನ ತುದಿಗೆ ಗಾಜ್ ಬಟ್ಟೆ ಸುತ್ತಿ, ಅದರ ಮೇಲೆ ಆಪರೇಷನ್ನಿನಲ್ಲಿ ಚರ್ಮಕ್ಕೆ ಅಂಟಿಸುವ ಪ್ಲಾಸ್ಟಿಕ್ ಹಾಳೆ ಹೊದಿಸಿ, ದಾರದಿಂದ ಕಟ್ಟಿ, ಸೂಜಿಯಿಂದ ತುಂಬ ತೂತು ಮಾಡಿ, ಆಸ್ಪತ್ರೆಯ ಗೋಡೆಯಲ್ಲಿರುವ ಸಕ್ಷನ್ನಿಗೆ ಜೋಡಿಸುತ್ತಾರೆ. ಹಾಳೆ ಹೊದಿಸಿದ್ದರಿಂದ ಮಾಂಸ ಒಳಹೆಣೆಯುವುದೂ ಕಡಿಮೆ. ಮೂಗಿನ ಆ ಟ್ಯೂಬು, ಗಾಜ್ ಬಟ್ಟೆ, ಸಕ್ಷನ್ನು ನಮ್ಮ ಜಿಲ್ಲಾ ಆಸ್ಪತ್ರೆಗಳಿಗೂ ಹೊಸ ಸಾಮಾನುಗಳಲ್ಲ. ಯಾವ ರೋಗಿಗೆ ಇದು ಹೊಂದುತ್ತದೆ ಎಂದು ತೂಗಬಲ್ಲ ಶಸ್ತ್ರವೈದ್ಯರೂ ಎಂಡೋಸ್ಕೋಪಿ ಬಲ್ಲವರೂ ಒಟ್ಟಿಗೆ ಕೂತು ಮಾತಾಡುವ ರೂಢಿಯೊಂದು ಬೇಕು. ಇಲ್ಲದಿದ್ದರೆ ರೋಗಿ ದೊಡ್ಡ ಊರಿಗೆ ಹೋಗಿ ಹಾಸಿಗೆಗಾಗಿ ಕಾಯುವಷ್ಟರಲ್ಲಿ ಆರು ವಾರ ಕಳೆದುಬಿಡುತ್ತದೆ.

ಸ್ಪಂಜು ಬದಲಿಸುವ ಮೂರನೆಯ ದಿನ ಭಾನುವಾರವೋ ಹಬ್ಬವೋ ಆಗಿರಬಹುದು. ಎಂಡೋಸ್ಕೋಪಿ ಕೋಣೆಗೆ ಬೀಗವಿದ್ದರೆ ಐದನೆಯ ದಿನದ ಹೊತ್ತಿಗೆ ಮಾಂಸ ಸ್ಪಂಜಿಗೆ ಹೆಣೆದು, ಕೀಳುವಾಗ ಚೂರು ಒಳಗುಳಿಯುತ್ತದೆ. ಹಾಗಾಗಿ ಮೊದಲ ಸ್ಪಂಜು ಇಟ್ಟ ದಿನವೇ ಮುಂದಿನ ಮೂರು ಬದಲಾವಣೆಗಳ ತಾರೀಖನ್ನು ಕೇಸ್ ಶೀಟಿನ ಮೇಲೆ ಬರೆದಿಡಬೇಕು. ರಾತ್ರಿ ಪಾಳಿಯ ಸಿಸ್ಟರಿಗೂ ಬಾಟಲಿಯ ಓದು ಕಲಿಸಬೇಕು: ಎಷ್ಟು ತುಂಬಿದೆ, ಯಾವ ಬಣ್ಣ, ಮುಚ್ಚಳದ ಮೇಲಿನ ಮಡಿಕೆ ಮಡಿಕೆಯ ಪುಟ್ಟ ತಿದಿ ಕುಗ್ಗಿಯೇ ಇದೆಯೋ ಎದ್ದು ನಿಂತಿದೆಯೋ. ಕುಗ್ಗಿದ್ದರೆ ನಿರ್ವಾತ ಇದೆ. ಎದ್ದು ನಿಂತಿದ್ದರೆ ಹೀರುವುದು ನಿಂತಿದೆ, ಒಳಗಿನ ಸ್ಪಂಜು ಕೀವು ಕುಡಿದು ಬಿರಡೆಯಂತೆ ಕೂತಿದೆ. ಆಗ ಬಾಟಲಿ ಬದಲಿಸಬೇಕು. ಬದಲಿಸಿದ ಮೇಲೂ ತಿದಿ ಎದ್ದರೆ ಬೆಳಗಿನ ರೌಂಡ್ಸಿಗೆ ಕಾಯದೆ, ರಾತ್ರಿ ಎರಡು ಗಂಟೆಯಾದರೂ ಸರಿ, ಡ್ಯೂಟಿ ಡಾಕ್ಟರನ್ನು ಎಬ್ಬಿಸಬೇಕು.